ಫ್ರಿಜ್ಜಿನಲ್ಲಿದ್ದ ಹನ್ನೊಂದು ಜೀರುಂಡೆ

ನನ್ನ ಅಂಗಡಿಯ ಹಿಂಗೋಡೆಯೂ ದೊರಿಲಾ ಗ್ವಾಚಮಿನ್‌ಳ ಹಿತ್ತಿಲ ಗೋಡೆಯೂ ಒಂದೇ. ಸೋಡಾ ಕ್ರೇಟುಗಳನ್ನು ಒಟ್ಟುವ ಮೂಲೆಯಲ್ಲಿ ಒಂದು ಕಿಟಕಿಯಿದೆ. ಬೆಳಗಿನ ಬ್ರೆಡ್ ಮಾರಾಟ ಮುಗಿದ ಮೇಲೆ ನಾನು ಅಲ್ಲಿಂದ ಇಣುಕುತ್ತೇನೆ. ಐವತ್ತೆಂಟು ವರ್ಷದ ಹೆಂಗಸು ಗೋಣಿಚೀಲದ ಮೇಲೆ ಮಂಡಿಯೂರಿ, ಹರಿದ ಕೊಡೆಯನ್ನು ಗಾಳಿಗೆ ಅಡ್ಡ ನೆಟ್ಟು, ಬೀನ್ಸ್ ಎಲೆಗೆ ಕ್ಯಾಮೆರಾ ತಾಗುವುದೊಂದು ಬಾಕಿ ಎನ್ನುವಷ್ಟು ಹತ್ತಿರ ಹಿಡಿದು, ಉಸಿರು ಕಟ್ಟಿ ಕೂತಿರುತ್ತಾಳೆ. ಕಾಲು ಗಂಟೆಯಾದರೂ ಕದಲುವುದಿಲ್ಲ. ಹೊಸಬರು ನೋಡಿದರೆ ಏನೋ ಕಳೆದುಕೊಂಡು ಹುಡುಕುತ್ತಿದ್ದಾಳೆ ಅಂದುಕೊಳ್ಳುತ್ತಾರೆ.

“ಏನ್ ಬಿದ್ದೋಯ್ತು ದೋನ್ಯಾ ದೊರಿಲಾ, ಓಲೆನಾ?” ಎಂದು ಗ್ಯಾಸ್ ಸಿಲಿಂಡರ್ ತಂದವನು ಒಮ್ಮೆ ಕೇಳಿದ.

“ಮಾತಾಡ್ಬೇಡಪ್ಪ. ನಿನ್ ಉಸಿರಿಗೆ ಎಲೆ ಅಲ್ಲಾಡ್ತಿದೆ.”

ಅವನು ಸಿಲಿಂಡರ್ ಹೆಗಲ ಮೇಲಿಟ್ಟುಕೊಂಡೇ ಐದು ನಿಮಿಷ ನಿಂತಿದ್ದ, ಪಾಪ.

ನಮ್ಮೂರು ಪುಯೆಂಬೊದಲ್ಲಿ ಅವಳನ್ನು ತಲೆಗೆ ಹುಳ ಬಿಟ್ಟುಕೊಂಡವಳು ಎನ್ನುತ್ತಾರೆ. ನಾನೂ ಅಂದಿದ್ದೇನೆ, ಬೆನ್ನ ಹಿಂದೆ ಅಲ್ಲ, ಮುಖಕ್ಕೇ. ನನಗೆ ಆ ಹಕ್ಕಿದೆ. ಅವಳ ಮಗಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿದ ಜ್ಞಾನತಾಯಿ ನಾನು. ಅಂದಿನಿಂದ ಮೂವತ್ತೊಂದು ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ನಮ್ಮಲ್ಲಿ ಒಮ್ಮೆ ಕೊಮಾದ್ರೆಯಾದ ಮೇಲೆ ಹೆಸರು ಹಿಡಿದು ಕರೆಯುವುದಿಲ್ಲ. ಕರೆದರೆ ಏನೋ ಮುರಿದಿದೆ ಎಂದು ಅರ್ಥ. ನನ್ನ ಹೆಸರು ಮೆಚೆ ಎಂಬುದು ಅವಳಿಗೆ ನೆನಪಿದೆಯೋ ಇಲ್ಲವೋ ಎಂದು ನನಗೇ ಅನುಮಾನವಿತ್ತು. ನೆನಪಿದೆ ಎಂದು ತಿಳಿದ ದಿನದ ಕಥೆಯನ್ನೇ ಈಗ ಹೇಳಹೊರಟಿರುವುದು.

ದೊರಿಲಾ ಹತ್ತೊಂಬತ್ತು ವರ್ಷ ಗುಲಾಬಿ ತೋಟದಲ್ಲಿ ದುಡಿದವಳು. ಪ್ಲಾಸ್ಟಿಕ್ ಮಾಡಿನ ಹಸಿರುಮನೆಗಳು, ಒಳಗೆ ಸಾಲು ಸಾಲು ಗುಲಾಬಿ. ಹೆಚ್ಚಿನ ಹೆಂಗಸರು ಹೂ ಕೊಯ್ಯುತ್ತಿದ್ದರು, ಮುಳ್ಳು ಸವರುತ್ತಿದ್ದರು. ಇವಳಿಗೆ ಸಿಕ್ಕಿದ್ದು ಹುಳ ನೋಡುವ ಕೆಲಸ. ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಸಣ್ಣ ಭೂತಗನ್ನಡಿ. ಒಂದೊಂದೇ ಎಲೆ ಮಗುಚಿ ನೋಡುವುದು, ನುಸಿಯೋ ಮೂತಿಹುಳವೋ ಕಂಡರೆ ಆ ಸಾಲಿನ ತುದಿಗೆ ಕೆಂಪು ಬಾವುಟ ಚುಚ್ಚುವುದು. ಮರುದಿನ ಮುಖಕ್ಕೆ ಮುಸುಕು ಕಟ್ಟಿದ ಗಂಡಸರು ಔಷಧಿಯ ಪೈಪು ಹಿಡಿದು ಬರುತ್ತಿದ್ದರು. ಅವಳ ಕಣ್ಣಿಗೆ ಬಿದ್ದದ್ದು ತಪ್ಪಿಸಿಕೊಂಡದ್ದಿಲ್ಲ ಎಂದು ಮೇಲ್ವಿಚಾರಕರು ಹೊಗಳುತ್ತಿದ್ದರಂತೆ. ಮೊಣಕಾಲು ಹಿಡಿದುಕೊಂಡಿತೆಂದು ಕೆಲಸ ಬಿಟ್ಟಳು. ಕೆಲಸಕ್ಕೆ ಬಗ್ಗದ ಮೊಣಕಾಲು ಈಗ ಹುಳಕ್ಕೆ ಬಗ್ಗುತ್ತದೆ, ಅದು ಬೇರೆ ಮಾತು.

“ಹತ್ತೊಂಬತ್ತು ವರ್ಷ ನಾನು ಬೆರಳು ತೋರ್ಸಿದ್ದು ಒಂದೂ ಬದುಕ್ಲಿಲ್ಲ ಕೊಮಾದ್ರೆ,” ಎಂದಳು ಒಂದು ದಿನ, ನನ್ನ ಅಂಗಡಿಯಲ್ಲಿ ಮೊಟ್ಟೆ ಆರಿಸುತ್ತಾ. “ಅಷ್ಟು ಚೆನ್ನಾಗಿ ನೋಡಿದೀನಿ ಅವನ್ನ. ಒಂದರ ಮುಖನೂ ನೆನಪಿಲ್ಲ.”

“ಹುಳಕ್ಕೆಲ್ಲಿಂದ ಬಂತೇ ಮುಖ?” ಎಂದೆ ನಾನು.

ಅವಳು ಮೊಟ್ಟೆ ಎಣಿಸಿಕೊಂಡು ಹೋದಳು. ಉತ್ತರ ಕೊಟ್ಟದ್ದು ಆರು ತಿಂಗಳಾದ ಮೇಲೆ. ಪಕ್ಕದೂರು ಪಿಫೊದಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದ ದೋನ್ ಲಿಸಾರ್ದೊ, ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅಂಗಡಿ ಮುಚ್ಚಿದ. ಅವನ ಹಳೆ ಕ್ಯಾಮೆರಾ ಇವಳ ಪಾಲಾಯಿತು. ಲೆನ್ಸನ್ನು ಹಿಂದುಮುಂದಾಗಿ ತಿರುಗಿಸಿ, ನಡುವೆ ಒಂದು ಬಳೆ ಹಾಕಿ ಕೂರಿಸಿದರೆ ಎಳ್ಳಿನಷ್ಟಿದ್ದದ್ದು ತಟ್ಟೆಯಷ್ಟು ಕಾಣುತ್ತದೆ ಎಂದು ಹೇಳಿಕೊಟ್ಟವನೂ ಅವನೇ. ಮೊದಲ ಚಿತ್ರ ತಂದು ನನ್ನ ಕೌಂಟರಿನ ಮೇಲೆ ಇಟ್ಟಳು. ಕೆಂಪು, ಗುಂಡಗೆ, ಥಳಥಳ.

“ಏನಿದು, ಬಸ್ಸಿನ ಬಾನೆಟ್ಟಾ?”

“ಗುಲಗಂಜಿ ಹುಳ. ಸರಿಯಾಗಿ ನೋಡಿ. ಮುಖ ಇದೆಯಾ ಇಲ್ವಾ?”

ಇತ್ತು. ಎರಡು ಕಣ್ಣು, ನಡುವೆ ಮೀಸೆಯಂಥದ್ದು, ಸ್ವಲ್ಪ ಸಿಡುಕು ಮುಖ. ನಮ್ಮ ಚರ್ಚಿನ ಹಳೆ ಪಾದ್ರಿಯ ಹಾಗಿತ್ತು. ಹಾಗೆಂದು ಹೇಳಿದೆ. ಇಬ್ಬರೂ ನಕ್ಕು ನಕ್ಕು ಒಂದು ಮೊಟ್ಟೆ ಒಡೆದೆವು.

ಅಲ್ಲಿಂದ ಮುಂದೆ ಅವಳ ಬದುಕಿಗೊಂದು ಕ್ರಮ ಬಂತು. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಒಂದು ಸುತ್ತು, ಸಂಜೆ ನಾಲ್ಕರ ಮೇಲೆ ಒಂದು ಸುತ್ತು. ಇಷ್ಟು ಹತ್ತಿರದಿಂದ ತೆಗೆದಾಗ ಕಣ್ಣು ಸ್ಪಷ್ಟವಾದರೆ ಕಾಲು ಮಸುಕು, ಕಾಲು ಸ್ಪಷ್ಟವಾದರೆ ಕಣ್ಣು ಮಸುಕು. ಅದಕ್ಕೇ ಮೈಯನ್ನು ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ತೂಗುತ್ತಾಳೆ. ಅಲ್ಲಾಡುವ ಕಡ್ಡಿಗೆ ಬಟ್ಟೆಯ ಕ್ಲಿಪ್ಪು ಹಾಕುತ್ತಾಳೆ. ಜೀರುಂಡೆಯ ಬೆನ್ನು ತೊಳೆದಿಟ್ಟ ಸ್ಟೀಲ್ ಪಾತ್ರೆಯಿದ್ದ ಹಾಗೆ, ಎದುರಿಗಿರುವುದೆಲ್ಲ ಅದರಲ್ಲಿ ಕಾಣುತ್ತದೆ. ಫ್ಲ್ಯಾಶ್ ಹೊಡೆದರೆ ಬೆನ್ನ ತುಂಬ ಬಿಳಿ ಕಲೆ. ಮೊಸರಿನ ಬಿಳಿ ಬಾಟಲಿ ಕತ್ತರಿಸಿ ಫ್ಲ್ಯಾಶಿನ ಮೂತಿಗೆ ತೊಡಿಸಿದ ಮೇಲೆ ಬೆಳಕು ಹದವಾಯಿತು. ಆಮೇಲಿನ ಚಿತ್ರಗಳಲ್ಲಿ ಹುಳದ ಬೆನ್ನ ಮೇಲೆ ಆಕಾಶ, ಮನೆಯ ಮಾಡು, ಕೊಡೆ, ಕೊಡೆಯ ಕೆಳಗೆ ಸಾಸಿವೆಯಷ್ಟು ದೊರಿಲಾ, ಎಲ್ಲ ಇರುತ್ತಿತ್ತು.

ಒಂದೆಡೆ ನಿಲ್ಲದ ತುಂಟ ಹುಳಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡುತ್ತಾಳೆ. ಚಳಿಗೆ ಮರಗಟ್ಟಿ ಕೂರುತ್ತವೆ. ಚಿತ್ರ ತೆಗೆಯುವಷ್ಟರಲ್ಲಿ ಬಿಸಿಲು ತಾಗಿ ಎದ್ದು ಹೋಗುತ್ತವೆ. ಪೊಟ್ಟಣದ ಮೇಲೆ ‘ಹುಳ’ ಎಂದು ಚೀಟಿ ಅಂಟಿಸಿರುತ್ತಾಳೆ. ಅವಳ ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಬೆಂಕಿಪೊಟ್ಟಣ ಕಂಡರೆ ನಾನು ಮುಟ್ಟುವುದಿಲ್ಲ.

ಇಲ್ಲೊಂದು ಮಾತು ಹೇಳಿಬಿಡಬೇಕು. ನಮ್ಮಲ್ಲಿ ಜೀರುಂಡೆ ಬೇರೆ, ಕಾತ್ಸೊ ಬೇರೆ. ಕಾತ್ಸೊ ಕೂಡ ಜೀರುಂಡೆಯೇ ಎಂದು ದೊರಿಲಾ ವಾದಿಸುತ್ತಾಳೆ. ಇರಬಹುದು, ಕೋಳಿಯೂ ಹಕ್ಕಿಯೇ. ಈ ಕಾತ್ಸೊ ಹೆಬ್ಬೆರಳ ತುದಿಯಷ್ಟು ದಪ್ಪ, ಕೆನೆಯ ಬಣ್ಣ. ವರ್ಷವೆಲ್ಲ ಹುಲ್ಲಿನ ಬುಡದಲ್ಲಿ, ಮಣ್ಣಿನೊಳಗೆ. ಅಕ್ಟೋಬರ್ ಕೊನೆಯಲ್ಲಿ ಮಳೆ ಬಿದ್ದ ಮೇಲೆ ನಾಲ್ಕೈದು ದಿನ, ಬೆಳಕು ಹರಿಯುವ ಹೊತ್ತಿನಲ್ಲಿ ಒಂದರ್ಧ ಗಂಟೆ ಎದ್ದು ಹಾರುತ್ತವೆ. ಹಿಡಿದು ತಂದು ಒಂದು ರಾತ್ರಿ ಗೋಧಿ ಹಿಟ್ಟಿನಲ್ಲಿ ಬಿಟ್ಟು, ಕಾಲು ರೆಕ್ಕೆ ಕಿತ್ತು, ಉಪ್ಪುನೀರಲ್ಲಿ ತೊಳೆದು, ಹಂದಿ ಕೊಬ್ಬಿನಲ್ಲಿ ಈರುಳ್ಳಿ ಜೊತೆ ಗರಿಗರಿ ಹುರಿದು, ಹುರಿದ ಮೆಕ್ಕೆಜೋಳದ ಜೊತೆ ತಿನ್ನಬೇಕು. ಹೇಳುವಾಗಲೇ ಬಾಯಲ್ಲಿ ನೀರೂರುತ್ತದೆ, ನಾನೇನು ಮಾಡಲಿ. ಈಗ ಹುಲ್ಲುಗಾವಲಿದ್ದಲ್ಲೆಲ್ಲ ಮನೆ ಎದ್ದು, ರಸ್ತೆ ಬದಿಯಲ್ಲಿ ಮಾರುವವರ ಹತ್ತಿರ ಕೊಂಡು ತಿನ್ನುವ ಕಾಲ ಬಂದಿದೆ.

ದೊರಿಲಾಳ ಹಿತ್ತಿಲಲ್ಲಿ ಒಗೆಯುವ ಕಲ್ಲು, ಕೋಳಿಗೂಡು, ಕುಂಡಗಳು ಬಿಟ್ಟರೆ ಉಳಿದದ್ದು ಗೋಡೆಯ ಪಕ್ಕದ ಹುಲ್ಲಿನ ತುಂಡು ನೆಲ. ಒಂದು ವ್ಯಾನು ನಿಲ್ಲುವಷ್ಟು, ಅಷ್ಟೇ. ಅವಳ ತಂದೆ ದೋನ್ ಅನಾಕ್ಲೆತೊ ಇಟ್ಟಿಗೆ ಸುಡುವವರು. ಅವರ ಗೂಡು ಇದ್ದದ್ದು ಅಲ್ಲೇ. ಅವರು ಹೋದ ಮೇಲೆ ಗೂಡು ಕುಸಿಯಿತು, ಚೂರು ಪುಡಿ ಎಲ್ಲ ಮಣ್ಣಿಗೆ ಸೇರಿತು, ಮೇಲೆ ಹುಲ್ಲು ಹಬ್ಬಿತು. ಆ ತುಂಡು ನೆಲದಲ್ಲಿ ದೊರಿಲಾ ಅರವತ್ತಮೂರು ಬಗೆಯ ಜೀರುಂಡೆಗಳ ಚಿತ್ರ ತೆಗೆದಿದ್ದಾಳೆ. ಅರವತ್ತಮೂರು! ನಾನು ಹುಟ್ಟಿದಾಗಿನಿಂದ ಇಲ್ಲೇ ಇದ್ದೇನೆ, ಐದಕ್ಕಿಂತ ಹೆಚ್ಚು ಕಂಡಿರಲಿಲ್ಲ.

ಅದೇ ನೆಲದ ಮೇಲೆ ಅವಳ ತಮ್ಮ ಅಬ್ದೊನ್‌ಗೂ ಕಣ್ಣು. ಮನೆಯ ಮುಂದಿನ ಅರ್ಧ ಅವನದು, ಹಿಂದಿನ ಅರ್ಧ ಅವಳದು, ಹಿತ್ತಿಲು ಇಬ್ಬರ ಹೆಸರಿನಲ್ಲಿ. ಅವನು ಶಾಲಾ ವ್ಯಾನ್ ಓಡಿಸುತ್ತಾನೆ. ವ್ಯಾನು ರಸ್ತೆಯಲ್ಲೇ ನಿಲ್ಲುತ್ತಿತ್ತು. ಒಂದು ವರ್ಷದಲ್ಲಿ ಎರಡು ಸಲ ಕನ್ನಡಿ ಕದ್ದಿದ್ದರು, ಆಲಿಕಲ್ಲು ಬಿದ್ದು ಮುಂದಿನ ಗಾಜು ಸೀಳಿತ್ತು. ಅವನು ಕೆಟ್ಟವನೇನಲ್ಲ. ಅವನ ಕಷ್ಟ ಅವನಿಗೆ.

ಆ ವರ್ಷ ಸೆಪ್ಟೆಂಬರಿನಲ್ಲಿ ಅವಳ ಅಡುಗೆಮನೆಯಲ್ಲಿ ಮಾತು ಶುರುವಾದಾಗ ನಾನೂ ಇದ್ದೆ.

“ಅಕ್ಕಾ, ಅಲ್ಲೇನ್ ಬೆಳೀತೀಯ ಹೇಳು? ಹುಲ್ಲು. ಹುಲ್ಲಲ್ಲಿ ಹುಳ. ಹುಳದ್ದು ಫೋಟೊ. ಫೋಟೊ ಬೇಯ್ಸಿ ತಿಂತೀಯಾ?”

“ನೀನು ವ್ಯಾನ್ ಬೇಯ್ಸಿ ತಿಂತೀಯಾ?”

“ವ್ಯಾನ್ ನಂಗೆ ಅನ್ನ ಹಾಕತ್ತೆ. ಕಾಂಕ್ರೀಟ್ ಹಾಕಿ, ಮೇಲೊಂದು ಶೀಟ್ ಹೊದ್ಸಿದ್ರೆ ಮುಗೀತು. ನಿಂಗೂ ಬಟ್ಟೆ ಒಣಗ್ಸೋಕೆ ಜಾಗ ಆಗತ್ತೆ.”

“ಅಲ್ಲಿ ನೆಲದೊಳಗೆ ಕಾತ್ಸೊ ಇದೆ ಕಣೋ.”

ಅಬ್ದೊನ್ ಕೈಲಿದ್ದ ಲೋಟ ಕೆಳಗಿಟ್ಟ. ಅರವತ್ತಮೂರು ಬಗೆ ಹುಳ ಅವನ ಲೆಕ್ಕಕ್ಕೆ ಹುಳವೇ ಅಲ್ಲ. ಆದರೆ ಕಾತ್ಸೊ ಅಂದರೆ ಅವನೂ ನಮ್ಮೂರವನೇ. ಚಿಕ್ಕಂದಿನಲ್ಲಿ ಅಪ್ಪನ ಗೂಡಿನ ಸುತ್ತ ಕಾತ್ಸೊ ತುಂಬಿಸಲು ಬಾಟಲಿ ಹಿಡಿದು ಓಡಿದವನು.

“ಸುಳ್ಳು. ಅಪ್ಪ ಹೋದ್ಮೇಲೆ ಅಲ್ಲಿ ಒಂದ್ ಕಾತ್ಸೊ ಎದ್ದಿದ್ದನ್ನ ಯಾರೂ ನೋಡಿಲ್ಲ.”

“ನಾನು ಮರಿ ನೋಡಿದೀನಿ. ಬೇರಿನ ಹತ್ರ ಸುರುಳಿ ಸುತ್ಕೊಂಡಿತ್ತು.”

“ಮರಿ ಯಾವ್ದರದ್ದೋ ಏನೋ. ನೋಡು, ದೋನ್ಯಾ ಮೆಚೆ ಸಾಕ್ಷಿ. ಸತ್ತವರ ಹಬ್ಬದೊಳಗೆ ಆ ನೆಲದಿಂದ ಒಂದು ಕಾತ್ಸೊ ಎದ್ದಿದ್ದು ತೋರ್ಸು. ಒಂದೇ ಒಂದು. ತೋರ್ಸಿದ್ರೆ ನಾನ್ ಬದುಕಿರೋವರೆಗೂ ಆ ನೆಲ ಮುಟ್ಟಲ್ಲ, ಅಪ್ಪನಾಣೆ. ಇಲ್ಲಾಂದ್ರೆ ಹಬ್ಬ ಆದ್ಮೇಲಿನ ಸೋಮವಾರ ಕಾಂಕ್ರೀಟ್ ಮಿಕ್ಸರ್ ಬರತ್ತೆ. ಆಮೇಲೆ ಅಳ್ಬಾರ್ದು.”

“ಅಳಲ್ಲ,” ಎಂದಳು ದೊರಿಲಾ. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, “ಆ ಜಾಗ ಹೋದ್ರೆ ನಂಗೆ ನೋಡೋಕೆ ಗೋಡೆ ಒಂದೇ ಉಳಿಯೋದು ಕೊಮಾದ್ರೆ,” ಎಂದಳು. ಅವಳು ಹೀಗೆಲ್ಲ ಬಾಯಿ ಬಿಟ್ಟು ಹೇಳುವವಳಲ್ಲ.

ಆ ಅಕ್ಟೋಬರಿನಲ್ಲಿ ಮಳೆ ಕೈಕೊಟ್ಟಿತು. ಬೆಳಗಿನ ಐದು ಗಂಟೆಗೆ ಅವಳು ಕ್ಯಾಮೆರಾ ಹಿಡಿದು ಆ ಹುಲ್ಲಿನ ಎದುರು ಮಣೆ ಹಾಕಿ ಕೂರುವುದು, ಆರೂವರೆಗೆ ಸೊಂಟ ಹಿಡಿದುಕೊಂಡು ಏಳುವುದು. ಇಪ್ಪತ್ತು ದಿನ ಹೀಗೆ. ಅಬ್ದೊನ್ ಹಲ್ಲುಜ್ಜುತ್ತಾ ಬಂದು, “ಬಂತಾ ಅಕ್ಕಾ ಮೆರವಣಿಗೆ?” ಎಂದು ಕೇಳಿ ಹೋಗುತ್ತಿದ್ದ. ಕಡೆಗೆ ಹಬ್ಬಕ್ಕೆ ಎರಡು ದಿನ ಮುಂಚೆ ಮಳೆ ಹೊಡೆಯಿತು, ಮಾಡು ಹಾರಿಹೋಗುವಂತೆ.

ಹಬ್ಬದ ಬೆಳಿಗ್ಗೆ, ನವೆಂಬರ್ ಎರಡು, ಐದೂಮುಕ್ಕಾಲಿಗೆ ಹುಲ್ಲು ಅಲ್ಲಾಡಿತಂತೆ. ಮಣ್ಣು ಬಿರಿದು ಒಂದು ಬೆಳ್ಳಗಿನ ತಲೆ, ಆಮೇಲೆ ಇನ್ನೊಂದು. ಅವಳು ಕ್ಯಾಮೆರಾ ಒತ್ತಿದಳು. ಫ್ಲ್ಯಾಶ್ ಹೊತ್ತಲಿಲ್ಲ. ಇಪ್ಪತ್ತು ದಿನದ ಇಬ್ಬನಿಗೆ ಬ್ಯಾಟರಿ ಸತ್ತಿತ್ತು. ಫ್ಲ್ಯಾಶಿಲ್ಲದೆ ಆ ಮಬ್ಬಿನಲ್ಲಿ ತೆಗೆದದ್ದೆಲ್ಲ ಬಿಳಿ ಮಸುಕು, ಸೋಪಿನ ನೊರೆಯ ಹಾಗೆ. ಹುಳಗಳು ಹಾರಲು ರೆಕ್ಕೆ ಬಿಚ್ಚುತ್ತಿದ್ದವು. ಅವಳು ಕ್ಯಾಮೆರಾ ಬದಿಗಿಟ್ಟು ಎರಡೂ ಕೈಯಲ್ಲಿ ಹಿಡಿದಳು. ಹನ್ನೊಂದು ಸಿಕ್ಕವು. ಬೆಂಕಿಪೊಟ್ಟಣ ಸಾಲದೆ ಐಸ್‌ಕ್ರೀಮಿನ ಖಾಲಿ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ತೂತು ಮಾಡಿ, ಫ್ರಿಜ್ಜಿನಲ್ಲಿಟ್ಟಳು. ಬೆಟ್ಟದ ಹುಳ, ಚಳಿ ಅದಕ್ಕೆ ಹೊಸದಲ್ಲ. ಬ್ಯಾಟರಿ ತಂದು, ಹಗಲ ಬೆಳಕಿನಲ್ಲಿ ಒಂದೊಂದರದ್ದೂ ಚಿತ್ರ ತೆಗೆದು, ಅಬ್ದೊನ್‌ಗೆ ಜೀವಂತ ತೋರಿಸಿ, ಮತ್ತೆ ಅಲ್ಲೇ ಬಿಡುವುದು ಎಂದು ಲೆಕ್ಕ ಹಾಕಿದ್ದಳು. ಆ ಗಡಿಬಿಡಿಯಲ್ಲಿ ಚೀಟಿ ಅಂಟಿಸಲು ಮರೆತಳು.

ನನ್ನ ಅಂಗಡಿಗೆ ಬ್ಯಾಟರಿ ಕೇಳಿಕೊಂಡು ಬಂದಳು. ನನ್ನಲ್ಲಿದ್ದದ್ದು ಟಾರ್ಚಿನ ದಪ್ಪ ಬ್ಯಾಟರಿ ಮಾತ್ರ. ಮುಖ ಕೆಂಪಗಾಗಿತ್ತು, ಕಣ್ಣು ಹೊಳೆಯುತ್ತಿತ್ತು. ಏನೆಂದು ಕೇಳಿದರೆ ಬಾಯಿ ಬಿಡಲಿಲ್ಲ. ನನಗೆ ಹೇಳಿದರೆ ಅರ್ಧ ಗಂಟೆಯಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯ. ಅದು ಸುಳ್ಳೂ ಅಲ್ಲ.

“ಕೊಮಾದ್ರೆ, ನಾನು ಅಪ್ಪನ ಸಮಾಧಿಗೆ ಹೂ ಇಟ್ಟು, ಪೇಟೇಲಿ ಬ್ಯಾಟರಿ ತಗೊಂಡ್ ಬರ್ತೀನಿ. ಕೀಲಿ ತಗೊಳಿ. ಹಣ್ಣಿನ ಗಂಜಿ ನಮ್ಮ ದೊಡ್ಡ ಪಾತ್ರೇಲೇ ಮಾಡಿ. ಅಬ್ದೊನ್ ಬೆಳಿಗ್ಗೆಯಿಂದ ಜನಾನ ಸ್ಮಶಾನಕ್ಕೆ ಸಾಗಿಸ್ತಿದಾನೆ, ಮಧ್ಯಾಹ್ನ ಹಸ್ಕೊಂಡ್ ಬರ್ತಾನೆ. ಫ್ರಿಜ್ಜಲ್ಲಿ ಏನಿದ್ಯೋ ನೋಡಿ ಏನಾದ್ರೂ ಮಾಡ್ಹಾಕಿ.”

ಹೀಗೆಂದೇ ಹೇಳಿದಳು. ದೇವರಾಣೆಗೂ ಹೀಗೆಂದೇ ಹೇಳಿದಳು.

ಕಪ್ಪು ಜೋಳದ ಹಿಟ್ಟು ಕದಡಿ, ಕಾಡುಹಣ್ಣು ಬೇಯಲಿಟ್ಟು, ಹಬ್ಬದ ಗೊಂಬೆ ಬ್ರೆಡ್ಡುಗಳನ್ನು ತಟ್ಟೆಯಲ್ಲಿ ಜೋಡಿಸಿ, ಫ್ರಿಜ್ ತೆರೆದೆ. ಬೆಣ್ಣೆಯ ಪಕ್ಕ ಬೆಂಕಿಪೊಟ್ಟಣ ಒಂದೂ ಇರಲಿಲ್ಲ. ಐಸ್‌ಕ್ರೀಮಿನ ಡಬ್ಬಿ ಇತ್ತು. ಮುಚ್ಚಳ ತೆಗೆದರೆ ಹನ್ನೊಂದು ಕೊಬ್ಬಿದ ಕಾತ್ಸೊ, ತಣ್ಣಗೆ, ಮುದುಡಿ ಮಲಗಿದ್ದವು. ಹಿಟ್ಟಿರಲಿಲ್ಲ. ತಲೆಗೆ ಹುಳ ಹೊಕ್ಕ ಮೇಲೆ ಇವಳಿಗೆ ಅಡುಗೆಯೂ ಮರೆತುಹೋಗಿದೆ ಎಂದು ಬೈದುಕೊಂಡೆ. ಪಂದ್ಯ ನೆನಪಾಗಲಿಲ್ಲವೇ ಎಂದು ನೀವು ಕೇಳುತ್ತೀರಿ, ಊರಿನವರೆಲ್ಲ ಕೇಳಿದ್ದಾರೆ. ಆಗಲಿಲ್ಲ. ಸತ್ತವರ ಹಬ್ಬದ ದಿನ ನಮ್ಮೂರ ಫ್ರಿಜ್ಜಿನಲ್ಲಿ ಡಬ್ಬಿ ತುಂಬ ಕಾತ್ಸೊ ಕಂಡರೆ ಬಾಣಲೆ ನೆನಪಾಗುತ್ತದೆ, ಮತ್ತೇನೂ ಅಲ್ಲ. ನಮ್ಮ ಅಜ್ಜಿ ಸಮಾಧಿಯಿಂದ ಎದ್ದು ಬಂದಿದ್ದರೂ ಅದನ್ನೇ ಮಾಡುತ್ತಿದ್ದಳು.

ಹಿತ್ತಿಲ ಮೇಜಿನ ಮೇಲೆ ಹಳೆ ಪೇಪರ್ ಹಾಸಿ ಕಾಲು ಕಿತ್ತೆ, ರೆಕ್ಕೆಯ ಚಿಪ್ಪು ಕಿತ್ತೆ. ಮೈ ಮಾತ್ರ ಒಳಗೆ ತಂದು ಉಪ್ಪುನೀರಲ್ಲಿ ತೊಳೆದೆ. ಕೊಬ್ಬು, ಈರುಳ್ಳಿ, ಚಿಟಿಕೆ ಉಪ್ಪು. ಮನೆಯೆಲ್ಲ ಘಮ.

ಹನ್ನೆರಡಕ್ಕೆ ಅಬ್ದೊನ್ ಬಂದ. ಬಾಗಿಲಲ್ಲೇ ಮೂಗರಳಿಸಿದ. “ಏನ್ರೀ ದೋನ್ಯಾ ಮೆಚೆ, ಸ್ವರ್ಗದ ಬಾಗ್ಲು ತೆಗ್ದಿಟ್ಟಿದೀರಾ?” ತಟ್ಟೆಯ ಮುಂದೆ ಕೂತವನು ಒಂಬತ್ತು ತಿಂದ. ನಾನು ಎರಡು ತಿಂದೆ. “ಪಿಫೊ ರಸ್ತೇಲಿ ತಗೊಂಡ್ರಾ? ಈ ರುಚಿ ತಿಂದು ಎಷ್ಟ್ ವರ್ಷ ಆಗಿತ್ತು!” ಎಂದು ಬೆರಳು ನೆಕ್ಕಿದ.

“ನಿಮ್ಮಕ್ಕನ ಫ್ರಿಜ್ಜಲ್ಲಿತ್ತಪ್ಪ,” ಎಂದೆ, ಹೆಮ್ಮೆಯಿಂದ.

ಆಗಲೇ ದೊರಿಲಾ ಬಂದಳು. ಕೈಯಲ್ಲಿ ಬ್ಯಾಟರಿಯ ಪೊಟ್ಟಣ. ನಮ್ಮನ್ನು ನೋಡಿ ನಕ್ಕು, ನೇರ ಫ್ರಿಜ್ಜಿಗೆ ಹೋದಳು. ತೆರೆದಳು. ಬೆಣ್ಣೆ ಸರಿಸಿ ಅದರ ಹಿಂದೆಯೂ ಹುಡುಕಿದಳು. ಆಮೇಲೆ ತಿರುಗಿ ಬಾಣಲೆ ನೋಡಿದಳು, ತಮ್ಮನ ತಟ್ಟೆ ನೋಡಿದಳು, ನನ್ನ ತುಟಿ ನೋಡಿದಳು.

“ಮೆಚೆ,” ಎಂದಳು.

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಬೈಗುಳ ಎಷ್ಟು ಬೇಕಾದರೂ ತಡೆದುಕೊಳ್ಳುತ್ತಿದ್ದೆ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಅಳುತ್ತಾರೆ, ನಮ್ಮಲ್ಲಿ ಬಾಯಿಗೆ ಬಂದದ್ದೇ ಅನಾಹುತವಾಯಿತು.

“ಅವು ಇವತ್ತು ಬೆಳಿಗ್ಗೆ ಎದ್ದಿದ್ವು,” ಎಂದಳು ಮೆಲ್ಲಗೆ. “ಅಲ್ಲಿಂದ. ಅಪ್ಪನ ಗೂಡಿನ ಜಾಗದಿಂದ. ಹನ್ನೊಂದು.”

ಅಬ್ದೊನ್ ಮೊದಲು ನಕ್ಕ. ಆಮೇಲೆ ಅವನ ಮುಖ ಗಂಟಾಯಿತು.

“ಕಥೆ ಕಟ್ಬೇಡ ಅಕ್ಕಾ. ರಸ್ತೇಲಿ ಕೊಂಡ್ಕೊಂಡು ಬಂದು, ನಾನ್ ತಿಂದ್ಮೇಲೆ ಇಲ್ಲಿಂದ ಎದ್ದಿದ್ದು ಅಂದ್ರೆ ಯಾರು ನಂಬ್ತಾರೆ? ಫೋಟೊ ಎಲ್ಲಿ?”

ಅವಳು ಬೆಳಗಿನ ಚಿತ್ರಗಳನ್ನು ತೋರಿಸಿದಳು. ಬಿಳಿ ಮಸುಕು, ಕಪ್ಪು ಮಸುಕು.

“ಇದು ಕಾತ್ಸೊನಾ? ಇದು ನಮ್ಮಜ್ಜಿ ಹಲ್ಲು ಅಂದ್ರೂ ನಂಬಬೇಕು. ದೋನ್ಯಾ ಮೆಚೆ, ನೀವು ಸಾಕ್ಷಿ ಅಲ್ವಾ? ನೀವು ನೋಡಿದ್ರಾ ಎದ್ದಿದ್ದು?”

ನಾನು ನೋಡಿರಲಿಲ್ಲ. ಸುಳ್ಳು ಹೇಳೋಣವೆಂದು ನಾಲಿಗೆ ತುದಿಗೆ ಬಂತು, ಆದರೆ ಸತ್ತವರ ಹಬ್ಬದ ದಿನ, ಅವರಪ್ಪನ ಆಣೆಯ ವಿಷಯ. “ಇಲ್ಲಪ್ಪ,” ಎಂದೆ. ಹಾಗೆ ಹೇಳುವಾಗ ನನ್ನ ಕಣ್ಣಲ್ಲಿ ನೀರು ಬಂತು. ದೊರಿಲಾ ಅಳಲಿಲ್ಲ. ಅಳಲ್ಲ ಎಂದು ಮಾತು ಕೊಟ್ಟಿದ್ದಳಲ್ಲ.

“ಕಾಲು ಎಲ್ಲಿ?” ಎಂದಳು ಇದ್ದಕ್ಕಿದ್ದಂತೆ.

“ಯಾರ್ ಕಾಲು?”

“ಕಿತ್ತೆಯಲ್ಲ, ಆ ಕಾಲು. ತೊಳೆಯೋಕ್ ಮುಂಚೆ ಕಿತ್ತೆಯೋ, ತೊಳೆದ್ಮೇಲೋ?”

“ಮುಂಚೆ. ಹಿತ್ತಿಲ ಮೇಜಿನ ಮೇಲೆ, ಪೇಪರಲ್ಲಿ...”

ಮೊಣಕಾಲು ನೋವಿನ ಆ ಹೆಂಗಸು ಓಡಿದ್ದನ್ನು ನೀವು ನೋಡಬೇಕಿತ್ತು. ಮೇಜಿನ ಮೇಲೆ ಮೂರು ಕೋಳಿ ಹತ್ತಿ ನಿಂತು ಪೇಪರನ್ನು ಕುಕ್ಕುತ್ತಿದ್ದವು. ಹನ್ನೊಂದು ಹುಳದ ಅರವತ್ತಾರು ಕಾಲಿನಲ್ಲಿ ಉಳಿದದ್ದು ಐದು. ಮಡಿಕೆಯೊಳಗೆ ಒಂದು ರೆಕ್ಕೆಯ ಚಿಪ್ಪು.

ಅವಳು ಬಿಳಿ ತಟ್ಟೆಯ ಮೇಲೆ ಒಂದು ಕಾಲನ್ನು ಸೂಜಿಯ ತುದಿಯಿಂದ ಎತ್ತಿಟ್ಟಳು. ಹೊಸ ಬ್ಯಾಟರಿ ಹಾಕಿ, ಮೊಸರಿನ ಬಾಟಲಿ ತೊಡಿಸಿ, ನನ್ನ ಕೈಗೆ ಕೊಡೆ ಕೊಟ್ಟಳು. “ಉಸಿರು ಬಿಡ್ಬೇಡ” ಎಂದಳು. ನಾನು ಬಿಡಲಿಲ್ಲ. ಅಬ್ದೊನ್ ಕೂಡ ಬಾಗಿಲಲ್ಲಿ ನಿಂತು ಬಿಡಲಿಲ್ಲ, ಅದನ್ನು ನಾನು ಗಮನಿಸಿದೆ. ಅವಳು ಮೈ ತೂಗಿದಳು, ಕೂದಲೆಳೆ ಮುಂದೆ, ಕೂದಲೆಳೆ ಹಿಂದೆ. ಹತ್ತು ಚಿತ್ರ, ಹದಿನೈದು ಚಿತ್ರ. ಆಮೇಲೆ ಕ್ಯಾಮೆರಾದ ಪರದೆಯನ್ನು ತಮ್ಮನ ಕಡೆ ತಿರುಗಿಸಿದಳು.

ಉಗುರಿನಷ್ಟೂ ಇಲ್ಲದ ಆ ಕಾಲು ಪರದೆ ತುಂಬ ಇತ್ತು. ಗರಗಸದಂಥ ಹಲ್ಲು, ತುದಿಯಲ್ಲಿ ಎರಡು ಕೊಕ್ಕೆ, ಉದ್ದಕ್ಕೂ ಚಿನ್ನದ ಬಣ್ಣದ ಕೂದಲು. ಆ ಕೂದಲುಗಳ ನಡುವೆ ಸಿಕ್ಕಿಕೊಂಡಿದ್ದ ಕಣಗಳು ಕೆಂಪಗಿದ್ದವು.

ನಮ್ಮೂರ ಮಣ್ಣು ಬೂದಿಯ ಬಣ್ಣ. ಪಿಫೊ ಕಡೆಯದೂ ಹಾಗೇ. ಎಲ್ಲಿ ಅಗೆದರೂ ಬೂದಿ.

“ಇನ್ನೂ ದೊಡ್ಡದು ಮಾಡು,” ಎಂದ ಅಬ್ದೊನ್.

ಅವಳು ಮಾಡಿದಳು. ಅವನು ನೋಡಿದ. ಆ ಹುಲ್ಲಿನ ನೆಲಕ್ಕೆ ಹೋಗಿ, ಕೂತು, ಬೇರು ಸಮೇತ ಒಂದು ಹಿಡಿ ಕಿತ್ತು, ಮಣ್ಣನ್ನು ಎರಡು ಅಂಗೈ ನಡುವೆ ಉಜ್ಜಿದ. ತಂದು ಅಕ್ಕನ ಮುಂದೆ ಚಾಚಿದ. ಅಂಗೈ ಕೆಂಪಾಗಿತ್ತು.

“ಇದನ್ನೂ ತೆಗಿ. ಇದೇ ಲೆನ್ಸಲ್ಲಿ.”

ಅವಳು ತೆಗೆದಳು. ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದೆವು. ಅದೇ ಕೆಂಪು, ಅದೇ ಒಡೆದ ಅಂಚು. ಚಿಕ್ಕವನಿದ್ದಾಗ ಆ ಇಟ್ಟಿಗೆಯ ಕೆಸರನ್ನು ಕಾಲಲ್ಲಿ ತುಳಿದು ಹದ ಮಾಡಿದವನು ಅವನೇ.

“ಅಪ್ಪನ ಇಟ್ಟಿಗೆ ಅಕ್ಕಾ,” ಎಂದ. ದನಿ ಒಡೆದಿತ್ತು. “ಹೋಯ್ತು ಅಂದ್ಕೊಂಡಿದ್ದೆ. ಅವು ಹೊತ್ಕೊಂಡು ಮೇಲೆ ತಂದಿವೆ. ನಾನು ತಿಂದ್ಬಿಟ್ಟೆ.”

“ಮಾಡಿದ್ದುಣ್ಣೋ ಮಹರಾಯ” ಎಂದು ಬೇರೆ ದಿನವಾಗಿದ್ದರೆ ಹೇಳುತ್ತಿದ್ದೆ. ಮಾಡಿದವಳು ನಾನೇ ಆದ್ದರಿಂದ ಬಾಯಿ ಮುಚ್ಚಿಕೊಂಡೆ. ಅವನು ಅಲ್ಲೇ ನಿಂತು ಮಿಕ್ಸರಿನವನಿಗೆ ಫೋನ್ ಮಾಡಿ ಬರಬೇಡವೆಂದ. ವ್ಯಾನು ಆ ರಾತ್ರಿಯೂ ರಸ್ತೆಯಲ್ಲೇ ನಿಂತಿತು.

ದೊರಿಲಾ ಗೆದ್ದಳು, ಆದರೆ ಖುಷಿಯಾಗಲಿಲ್ಲ. ವರ್ಷವೆಲ್ಲ ಕತ್ತಲಲ್ಲಿದ್ದು ಎದ್ದು ಬಂದ ಹನ್ನೊಂದು. ಮೊಟ್ಟೆಯಿಡುವ ಮುಂಚೆಯೇ ನಾವು ತಿಂದಿದ್ದೆವು. ನೆಲ ಉಳಿಯಿತು, ಅದರಲ್ಲಿ ಇನ್ನೇನಾದರೂ ಉಳಿದಿದೆಯೋ ಇಲ್ಲವೋ ಯಾರಿಗೆ ಗೊತ್ತು. ಮತ್ತೆ ಬೆರಳು ತೋರಿಸಿ ಕೊಂದೆ ಎಂದು ಅವಳು ಒಳಗೊಳಗೇ ಬೆಂದಳು. ಅಂಗಡಿಗೆ ಬಂದರೆ ಬೇಕಾದ್ದು ಕೇಳಿ, ತೆಗೆದುಕೊಂಡು ಹೋಗುತ್ತಿದ್ದಳು. ಕೊಮಾದ್ರೆ ಅನ್ನುತ್ತಿರಲಿಲ್ಲ, ಮೆಚೆ ಅಂತಲೂ ಅನ್ನುತ್ತಿರಲಿಲ್ಲ. ಅಬ್ದೊನ್ ಮಾತ್ರ ವ್ಯಾನಿನ ಕನ್ನಡಿಗೆ ತಂತಿ ಸುತ್ತಿ, ಟಾರ್ಪಾಲು ಹೊದಿಸಿ, ಆ ಹುಲ್ಲಿಗೆ ಯಾರೂ ಕಾಲಿಡದ ಹಾಗೆ ದಾರ ಕಟ್ಟಿದ. ಕೋಳಿಗಳನ್ನು ಗೂಡಿನಿಂದ ಬಿಡುವುದನ್ನೂ ನಿಲ್ಲಿಸಿದ. ಒಂದು ವರ್ಷ ಹೀಗೆ ಹೋಯಿತು. ನನಗೆ ಅಷ್ಟು ಉದ್ದದ ವರ್ಷ ನೆನಪಿಲ್ಲ.

ಮರುವರ್ಷ ಮಳೆ ಸರಿಯಾದ ಹೊತ್ತಿಗೆ ಬಂತು. ಬೆಳಿಗ್ಗೆ ಐದು ಗಂಟೆಗೆ ಯಾರೋ ನನ್ನ ಕಿಟಕಿ ತಟ್ಟಿದರು.

“ಬನ್ನಿ ಕೊಮಾದ್ರೆ,” ಎಂದಳು ದೊರಿಲಾ. “ಈ ಸಲ ಕಣ್ಣಾರೆ ನೋಡ್ಬಿಡಿ. ಸಾಕ್ಷಿ ಬೇಕಾಗತ್ತೆ.”

ನಾನು ಶಾಲು ಹೊದ್ದು, ಚಪ್ಪಲಿ ಸರಿಯಾಗಿ ಮೆಟ್ಟದೆ ಓಡಿದೆ. ಅಬ್ದೊನ್ ಆಗಲೇ ಮಣೆ ಹಾಕಿ ಕೂತಿದ್ದ, ಕೈಯಲ್ಲಿ ಕೊಡೆ. ಮೂವರೂ ಆ ಹುಲ್ಲನ್ನು ನೋಡುತ್ತಾ ಕೂತೆವು. ಐದೂವರೆಯಾಯಿತು. ಐದೂಮುಕ್ಕಾಲಾಯಿತು. ಆರಾದರೂ ಏನೂ ಇಲ್ಲ. ದೊರಿಲಾಳ ಬೆನ್ನು ಸ್ವಲ್ಪ ಸ್ವಲ್ಪವೇ ಬಾಗುತ್ತಿತ್ತು. ಕಳೆದ ವರ್ಷ ತಿಂದ ಎರಡನ್ನು ನಾನು ಬೆರಳಲ್ಲಿ ಎಣಿಸಿಕೊಂಡೆ.

ಆರು ಹತ್ತಕ್ಕೆ ಅಬ್ದೊನ್‌ನ ಕಾಲ ಪಕ್ಕ ಮಣ್ಣು ಬಿರಿಯಿತು. ಒಂದು. ಗೋಡೆಯ ಬುಡದಲ್ಲಿ ಇನ್ನೊಂದು, ಅದರ ಹಿಂದೆಯೇ ಮತ್ತೊಂದು. ಆ ದಿನ ಎದ್ದದ್ದು ಮೂರೇ. ಅವಳು ಹುಚ್ಚು ಹಿಡಿದವಳಂತೆ ಚಿತ್ರ ತೆಗೆದಳು, ಉಸಿರಾಡಿದ್ದಕ್ಕೆ ನಮ್ಮಿಬ್ಬರನ್ನೂ ಬೈದಳು.

“ಅಬ್ದೊನ್, ಕೈ ಚಾಚು. ಅಲ್ಲಾಡ್ಬೇಡ.”

ಮೊದಲನೆಯದು ಅವನ ಅಂಗೈ ಹತ್ತಿ ಕೂತಿತು. ಕಾಲುಗಳೆಲ್ಲ ಕೆಂಪು ಪುಡಿ. ಆ ಚಿತ್ರ ಈಗ ನನ್ನ ಕೌಂಟರಿನ ಹಿಂದೆ ಇದೆ. ಹತ್ತಿರ ಹೋಗಿ ನೋಡಿದರೆ ಕೆನೆಬಣ್ಣದ ಆ ಬೆನ್ನ ಮೇಲೆ ಮನೆಯ ಮಾಡಿದೆ, ಕೊಡೆಯಿದೆ, ಕೊಡೆಯ ಕೆಳಗೆ ಸಾಸಿವೆಯಷ್ಟು ಮೂರು ತಲೆಗಳಿವೆ. ಶಾಲು ಹೊದ್ದಿರುವವಳು ನಾನು.

ಚಿತ್ರ ತೆಗೆದಾದ ಮೇಲೆ ಅಬ್ದೊನ್ ಬಗ್ಗಿ, ಅದು ಎದ್ದ ಜಾಗದಲ್ಲೇ ಅದನ್ನು ಇಳಿಸಿಬಿಟ್ಟ. ಅವನಿಗೆ ಹಸಿವಾಗಿತ್ತು, ನನಗೆ ಗೊತ್ತು.